ಹೊಂಡದ ದಂಡೆಯ ಸುಣ್ಣದ ಗುರುತು

ಮೊದಲ ಕಲ್ಲು ಬಿದ್ದದ್ದು ಅಬ್ಬಿಗೇರಿಯ ಹೊಲದಲ್ಲಿ. ನನಗಲ್ಲ, ನನ್ನ ಡ್ರೋನಿಗೆ. ಜೋಳ ಹಾಲುಗಾಳು ಕಟ್ಟಿದ ಹೊತ್ತು. ಅಟ್ಟದ ಮೇಲೆ ನಿಂತು ಹಕ್ಕಿ ಕಾಯುತ್ತಿದ್ದ ರೈತನೊಬ್ಬ ಕವಣೆ ಬೀಸಿದ. ಕೆಳಗಿಳಿಯುತ್ತಿದ್ದ ಯಂತ್ರದ ಒಂದು ರೆಕ್ಕೆ ಚೂರಾಗಿ, ಅದು ಗಿರಗಿರ ತಿರುಗುತ್ತ ಎರೆ ಮಣ್ಣಿನಲ್ಲಿ ಮೂತಿ ಹುದುಗಿಸಿಕೊಂಡು ಬಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಬೆಳೆಯೊಳಗೇ ನುಗ್ಗಿ ಅಟ್ಟದ ಕೆಳಗೆ ನಿಂತು ಕೂಗಾಡಿದೆ.

"ಇಳೀರಿ ಕೆಳಗ! ಅದನ್ನೇನ್ ಗುಬ್ಬಿ ಅಂತ ತಿಳ್ಕೊಂಡೀರೇನು?"

"ಗುಬ್ಬಿ ಅಲ್ಲ ಅಂತ ಗೊತ್ತಿದ್ದೇ ಹೊಡದೇನಿ," ಎಂದ ಆತ, ಕವಣೆಗೆ ಇನ್ನೊಂದು ಕಲ್ಲು ಇಡುತ್ತ. "ಒಡ್ಡಿನ ಮ್ಯಾಲೆ ಸುಣ್ಣಾ ಹಾಕೀರಲ್ಲ, ನನ್ನ ಹೊಲಾ ಯಾರಿಗೆ ಅಳದ ಕೊಡಾಕತ್ತೀರಿ? ಗಾಳಿಪಂಖಾದವರಿಗೋ, ಸೋಲಾರದವರಿಗೋ?"

ಉತ್ತರ ಕೇಳುವ ಪುರುಸೊತ್ತು ಅವನಿಗಿರಲಿಲ್ಲ. ಇಳಿದವನೇ ನಮ್ಮ ಡ್ರೈವರನ ಕೊರಳಪಟ್ಟಿ ಹಿಡಿದು ಒಂದೇಟು ಬಿಟ್ಟ. ಡ್ರೈವರ್ ನನಗಿಂತ ವಯಸ್ಸಿನಲ್ಲಿ ದೊಡ್ಡವನು, ಜೀಪು ನಡೆಸುವುದರ ಜೊತೆ ನನ್ನ ಅಳತೆಯ ಕೋಲು ಹಿಡಿಯುವವನೂ ಅವನೇ. ತುಟಿ ಒಡೆದು ರಕ್ತ ಬಂತು. ನಾನು ನಡುವೆ ಬಿದ್ದು ಇಬ್ಬರನ್ನೂ ಬಿಡಿಸುವಷ್ಟರಲ್ಲಿ ನನ್ನ ಮೊಣಕೈಯೂ ತರಚಿತ್ತು. ಕೃಷಿ ಹೊಂಡ ನೋಡಲು ಬಂದವರೆಂದು ಕೊನೆಗೆ ತಿಳಿದಾಗ ಆತ, "ಮೊದಲ ಹೇಳಬೇಕಿಲ್ಲೇನ್ರಿ?" ಎಂದು ನನ್ನ ಮೇಲೇ ರೇಗಿದ.

ನಮ್ಮ ಕೆಲಸ ಹೇಳಿಕೊಳ್ಳಲು ಸರಳ. ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಹೊಲಗಳಲ್ಲಿ ತೋಡಿದ ಸಣ್ಣ ಹೊಂಡಗಳನ್ನು ಮೇಲಿನಿಂದ ಫೋಟೋ ತೆಗೆದು, ಯಾವುದು ಉಳಿದಿದೆ, ಯಾವುದು ಹೂಳು ತುಂಬಿದೆ, ಯಾವುದು ಎಷ್ಟು ನೀರು ಹಿಡಿಯುತ್ತದೆ ಎಂದು ತಿಳಿಯುವುದು. ಡ್ರೋನು ನೇಗಿಲು ಹೊಡೆದ ಹಾಗೆ ಸಾಲು ಹಿಡಿದು ಹೋಗಿ ಬರುತ್ತದೆ. ಒಂದು ಫೋಟೋದ ಬಹುಪಾಲು ಮುಂದಿನ ಫೋಟೋದಲ್ಲೂ ಬರಬೇಕು, ಆಗಲೇ ಕಂಪ್ಯೂಟರು ಅವನ್ನೆಲ್ಲ ಜೋಡಿಸಿ ಏರುತಗ್ಗು ತೋರಿಸುತ್ತದೆ. ಬಿಸಿಲು ನೆತ್ತಿಗೆ ಬಂದರೆ ನೀರು ಕನ್ನಡಿಯಂತೆ ಹೊಳೆದು ಫೋಟೋ ಕೆಡುತ್ತದೆ. ಹೀಗಾಗಿ ಬೆಳಗಿನ ಹೊತ್ತಿನಲ್ಲೇ ಹಾರಿಸಬೇಕು. ನಕ್ಷೆ ನೆಲಕ್ಕೆ ಸರಿಯಾಗಿ ಕೂಡಲು ನೆಲದ ಮೇಲೆ ಕೆಲವು ಗುರುತುಗಳೂ ಬೇಕು. ಹೊಂಡದ ಸುತ್ತ ಗಟ್ಟಿ ಜಾಗ ನೋಡಿ ಸುಣ್ಣದ ಪುಡಿಯಿಂದ ಮೇಲಿನಿಂದ ಕಾಣುವಷ್ಟು ದೊಡ್ಡ ಕತ್ತರಿ ಗುರುತು ಹಾಕಿ, ಅದರ ನಟ್ಟನಡುವೆ ಜಿಪಿಎಸ್ ಕೋಲು ನಿಲ್ಲಿಸಿ ಆ ಜಾಗವನ್ನು ಹಿಡಿದಿಡುತ್ತಿದ್ದೆವು.

ಈ ಸುಣ್ಣವೇ ನಮಗೆ ವೈರಿಯಾಯಿತು. ಈ ಸೀಮೆಯಲ್ಲಿ ಹೊಲದಲ್ಲಿ ಸುಣ್ಣ ಬಿದ್ದರೆ ಅದಕ್ಕೆ ಒಂದೇ ಅರ್ಥ: ಸರ್ವೆಯವರು ಬಂದು ಗಡಿ ಗುರುತಿಸಿ ಹೋಗಿದ್ದಾರೆ. ಗುರುತಿನ ಆಚೆಯ ಮಣ್ಣು ಒಬ್ಬನದು, ಈಚೆಯದು ಇನ್ನೊಬ್ಬನದು. ನಾನು ರೋಣದಲ್ಲೇ ಹುಟ್ಟಿ ಬೆಳೆದವಳು. ನನ್ನ ತವರಿನಲ್ಲೂ ಒಡ್ಡಿನ ಸಲುವಾಗಿ ಮಾತು ಬಿಟ್ಟವರು ಇದ್ದಾರೆ.

"ಮೇಡಮ್ಮಾರ, ಈ ಸುಣ್ಣದ ಸಂಗ ಬಿಡೂನ್ರಿ," ಎಂದ ಡ್ರೈವರ್, ತುಟಿಗೆ ಅರಿಶಿನ ಒತ್ತಿಕೊಳ್ಳುತ್ತ. "ಇನ್ನೊಮ್ಮಿ ಹೊಡಸ್ಕೊಳ್ಳಾಕ ನನ್ನ ಕಡೆ ಬ್ಯಾರೆ ತುಟಿ ಇಲ್ಲ. ಅರಿವಿ ಹಾಸೂನು."

ಆ ಮಾತು ನನಗೂ ಒಪ್ಪಿಗೆಯಾಯಿತು. ಬಿಳಿ ಕರಿ ಬಟ್ಟೆಯ ಚೌಕಗಳನ್ನು ಹೊಲಿಸಿ ನಾಲ್ಕು ಮೂಲೆಗೆ ಮೊಳೆ ಹೊಡೆದು ಹಾಸಿದೆವು. ನರಗುಂದದ ಬಯಲಿನಲ್ಲಿ ಅದು ಚಲೋ ನಡೆಯಿತು. ಅಲ್ಲಿ ಕಾಡಿದ್ದು ಮನುಷ್ಯರಲ್ಲ, ಒಂದು ಗಿಡುಗ. ಉಳಿದ ಒಂದೇ ಡ್ರೋನಿನ ಮೇಲೆ ಅದು ಉಗುರು ಚಾಚಿ ಎರಗಿದಾಗ, ಯಂತ್ರವನ್ನು ನೆಟ್ಟಗೆ ಮೇಲಕ್ಕೆ ಏರಿಸಿ ತಪ್ಪಿಸಿದೆ. ನೇರ ಮೇಲೇರುವುದರಲ್ಲಿ ಹಕ್ಕಿ ಯಂತ್ರಕ್ಕೆ ಸಾಟಿಯಾಗುವುದಿಲ್ಲ. ಆದರೂ ಕೆಳಗಿಳಿಸಿ ನೋಡಿದರೆ ಮೈಮೇಲೆ ಉದ್ದುದ್ದ ಗೀರು.

ಗಜೇಂದ್ರಗಡದ ಕಡೆ ಬಂದಾಗ ನಮ್ಮ ಬಟ್ಟೆಯ ಆಟ ನಡೆಯಲಿಲ್ಲ. ಗುಡ್ಡದ ಮೇಲೆ ಸಾಲಾಗಿ ಕರೆಂಟಿನ ಗಾಳಿಪಂಖ ನಿಲ್ಲಿಸಿದ ಊರು ಅದು, ಅಲ್ಲಿಯ ಗಾಳಿಯ ಬಗ್ಗೆ ಹೇಳಬೇಕೆ! ಮೂಡಗಾಳಿ ಮೊಳೆಸಮೇತ ಬಟ್ಟೆ ಕಿತ್ತುಕೊಂಡು ಹೋಗಿ ಮುಳ್ಳುಕಂಟಿಗೆ ಸಿಕ್ಕಿಸಿತು. ಮತ್ತೆ ಸುಣ್ಣದ ಡಬ್ಬಿಯನ್ನೇ ಹೊರಗೆ ತೆಗೆದೆವು.

ಸೂಡಿಗೆ ಹೋಗುವ ದಾರಿಯ ಒಂದು ಹೊಲ. ಮಸಾರಿ ನೆಲ, ಕೆಂಪಗೆ, ಹೊಯ್ದ ನೀರೆಲ್ಲ ಕುಡಿದುಬಿಡುವ ಮಣ್ಣು. ಅದಕ್ಕೇ ಅಲ್ಲಿಯ ಹೊಂಡಕ್ಕೆ ಒಳಗಿನಿಂದ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರು. ಒಂದು ಬದಿಗೆ ದಾಳಿಂಬೆ ತೋಟ, ಇನ್ನೊಂದು ಬದಿಗೆ ನೀರು ಕಾಣದ ಕಡಲೆ ಹೊಲ. ಕಡಲೆ ಹೊಲದಲ್ಲಿ ಕಸ ತೆಗೆಯುತ್ತಿದ್ದ ಹೆಣ್ಣುಮಗಳು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಮ್ಮ ಹತ್ತಿರ ಬಂದಳು. ಕಡಲೆ ಹೊಲ ಅವಳ ಗಂಡನದು, ದಾಳಿಂಬೆ ತೋಟ ಗಂಡನ ಅಣ್ಣನದು. ಹೊಂಡ ತೋಡಿದ್ದು ಅಣ್ಣ, ಹೊಲ ಪಾಲಾಗುವ ಮೊದಲು. ಪಾಲಾದ ಮೇಲೆ ಅರ್ಧ ಹೊಂಡ ತನ್ನ ಪಾಲಿನೊಳಗೇ ಬರುತ್ತದೆ ಎಂದು ತಮ್ಮ ಹಟ ಹಿಡಿದಿದ್ದ. ಗಡಿ ಅಳತೆಗೆ ಅರ್ಜಿ ಹಾಕಿ ಇಬ್ಬರೂ ಕಾಯುತ್ತಿದ್ದರು.

"ಇಬ್ಬರೂ ಗಜೇಂದ್ರಗಡಕ್ಕ ಹೋಗ್ಯಾರ್ರಿ, ಬ್ಯಾರೆ ಬ್ಯಾರೆ ಗಾಡಿ ಮ್ಯಾಲೆ," ಎಂದಳು.

ನಾನು ಸುಣ್ಣದ ಗುರುತು ಯಾಕೆಂದು ಬಿಡಿಸಿ ಹೇಳಿದೆ. ಇದು ಗಡಿಯಲ್ಲ, ಫೋಟೋ ಕೂಡಿಸಲು ಮಾತ್ರ, ಕೆಲಸ ಮುಗಿದ ಮೇಲೆ ನಾವೇ ಅಳಿಸಿ ಹೋಗುತ್ತೇವೆ, ಮನೆಯವರಿಗೆಲ್ಲ ತಿಳಿಸಿ ಎಂದೆ. ಅವಳು ನಕ್ಕಳು.

"ನನಗ ತಿಳೀತ್ರಿ ಅಕ್ಕಾರ. ನಮ್ಮ ಮನಿಯವರಿಗೆ ಹೇಳ್ತೀನಿ. ಆದ್ರ ಬಾವಾರಿಗೆ ಯಾರು ಹೇಳವ್ರು? ನಾ ಬಾವಾರ ಮುಂದ ನಿಂತ ಮಾತಾಡಂಗಿಲ್ಲ. ನಮ್ಮ ಮನಿಯವರು ಮಾತ ಬಿಟ್ಟಾರ. ಮೊದಲ ಅತ್ತಿ ಇದ್ರು, ಅವರ ಕೈಲೆ ಹೇಳಸ್ತಿದ್ವಿ. ಈಗ ಅವರೂ ಇಲ್ಲ."

ಗಂಡನ ಅಣ್ಣನ ಎದುರು ತಮ್ಮನ ಹೆಂಡತಿ ತಲೆಯ ಮೇಲೆ ಸೆರಗು ಹೊದ್ದು ಬಾಗಿಲ ಮರೆಯಲ್ಲಿ ನಿಲ್ಲುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ನಾನೇ ನಿಂತು ಆ ಅಣ್ಣನಿಗೆ ಹೇಳುತ್ತೇನೆ, ಅವರು ಬರುವಷ್ಟರಲ್ಲಿ ಹಾರಾಟವೂ ಮುಗಿದಿರುತ್ತದೆ ಎಂದುಕೊಂಡೆ. ಹೊಂಡದ ದಂಡೆಯಷ್ಟು ಗಟ್ಟಿಯಾದ ಬಯಲು ಜಾಗ ಆ ಹೊಲದಲ್ಲಿ ಬೇರೆ ಇರಲಿಲ್ಲ. ಡ್ರೈವರ್ ಸುಣ್ಣ ಸುರಿದ, ನಾನು ಕೋಲು ನಿಲ್ಲಿಸಿದೆ.

ತೋಟದ ಪಕ್ಕ ಕರೆಂಟಿನ ತಂತಿ ಇದ್ದುದರಿಂದ, ಒಂದು ಹೊಲ ದಾಟಿ ಬಯಲಿನಲ್ಲಿ ನಿಂತು ಡ್ರೋನು ಹಾರಿಸಿದೆ. ಮೊದಲ ಸಾಲುಗಳು ಚೆನ್ನಾಗಿ ಬಂದವು. ಗಾಳಿ ಏರುತ್ತಿದ್ದರೂ ಯಂತ್ರ ದಾರಿ ಬಿಟ್ಟಿರಲಿಲ್ಲ. ನನ್ನ ಕಣ್ಣು ಕೈಯಲ್ಲಿದ್ದ ಪರದೆಯ ಮೇಲೆ. ಹೊಂಡ, ಹಸಿರು ನೀರು, ಬಿಳಿ ಗುರುತು. ಆಗ ಪರದೆಯ ಅಂಚಿನಿಂದ ಒಂದು ತಲೆ ಒಳಗೆ ಬಂತು. ದಾಳಿಂಬೆಯ ಕಡೆಯಿಂದ. ಗುರುತಿನ ಹತ್ತಿರ ನಿಂತಿತು, ಬಗ್ಗಿತು, ಕಾಲಿನಿಂದ ಸುಣ್ಣ ಒದೆಯತೊಡಗಿತು. ಅಷ್ಟರಲ್ಲಿ ಕಡಲೆಯ ಕಡೆಯಿಂದ ಇನ್ನೊಂದು ತಲೆ ಓಡುತ್ತ ಬಂತು. ಹಿಂದೆಯೇ ಬಣ್ಣದ ಸೀರೆ. ಹೇಳಲು ಅವಳಿಗೆ ಸಮಯ ಸಿಕ್ಕಿರಲಿಲ್ಲ ಎಂದು ಆಗಲೇ ಗೊತ್ತಾಯಿತು.

ಆಮೇಲಿನದು ನನಗೆ ಈಗಲೂ ಮೇಲಿನಿಂದಲೇ ನೆನಪಾಗುತ್ತದೆ. ತಮ್ಮನ ಕೈಯಲ್ಲಿ ಸಲಿಕೆ ಇತ್ತು. ಮೊದಲ ಏಟು ಅವನದೇ, ಅಣ್ಣನ ಹೆಗಲಿಗೆ ಬಿತ್ತು. ಅಣ್ಣ ಮುಗ್ಗರಿಸಿ ಎದ್ದ. ಎದ್ದಾಗ ಅವನ ಕೈಯಲ್ಲಿ ಏನೋ ಮಿಂಚಿತು. ಕುಡಗೋಲು. ಬೀಸಿದ. ತಮ್ಮ ತಡೆಯಲು ಕೈ ಅಡ್ಡ ಹಿಡಿದ, ಸಲಿಕೆ ಕೈಬಿಟ್ಟು ಬಿತ್ತು. ಬಿಳಿ ಸುಣ್ಣದ ಮೇಲೆ ಕೆಂಪು ಬಿದ್ದದ್ದು ಅಷ್ಟೆತ್ತರದಿಂದಲೂ ಕಂಡಿತು. ಕುಡಗೋಲು ಮತ್ತೆ ಮೇಲೆದ್ದಿತು.

"ಕಡೀತಾನ್ರೀ ಅಂವಾ! ಕಡೀತಾನ!" ಎಂದು ಡ್ರೈವರ್ ಓಡಿದ.

ಒಂದು ಹೊಲದಾಚೆಯಿಂದ ಓಡಿ ಹೋಗಿ ಯಾರನ್ನು ಉಳಿಸಲಿ? ಇದ್ದದ್ದು ಒಂದೇ ಯಂತ್ರ. ಅದು ಮನುಷ್ಯರ ತಲೆಯ ಮೇಲೆ ಹಾರಬಾರದು ಎಂಬುದು ಈ ಕೆಲಸದ ಮೊದಲ ಪಾಠ. ಅದರ ರೆಕ್ಕೆ ತಾಗಿದರೆ ಮುಖ ಸೀಳುತ್ತದೆ. ಹಾಳಾಗಿ ಹೋಗಲಿ ಪಾಠ! ತಾನಾಗಿ ಹಾರುತ್ತಿದ್ದುದನ್ನು ನಿಲ್ಲಿಸಿ, ಹಿಡಿಕೆ ಕೆಳಗೊತ್ತಿ, ಡ್ರೋನನ್ನು ನೇರವಾಗಿ ಅವರಿಬ್ಬರ ನಡುವೆ ಇಳಿಸಿದೆ. ಪರದೆಯ ತುಂಬ ಸುಣ್ಣದ ಧೂಳು. ಧೂಳಿನೊಳಗಿಂದ ಅಣ್ಣನ ಮುಖ ಮೇಲೆ ನೋಡಿತು, ಬಾಯಿ ತೆರೆದಿತ್ತು. ಮರುಕ್ಷಣ ಕುಡಗೋಲು ಕ್ಯಾಮೆರಾದ ಕಡೆಗೇ ಬಂತು. ಪರದೆ ಕಪ್ಪಾಯಿತು.

ಓಡಿದೆ. ಚಪ್ಪಲಿ ಎಲ್ಲಿ ಬಿಟ್ಟೆನೋ ಗೊತ್ತಿಲ್ಲ. ನಾನು ಬರುವಷ್ಟರಲ್ಲಿ ತಮ್ಮ ದಂಡೆಯ ಮೇಲಿರಲಿಲ್ಲ. ಡ್ರೋನಿಗೆ ಬೆದರಿ ಹಿಂದೆ ಸರಿದವನು ಹಾಳೆಯ ಅಂಚಿಗೆ ಕಾಲಿಟ್ಟು ಜಾರಿ ಹೊಂಡದೊಳಗೆ ಬಿದ್ದಿದ್ದ. ನೀರು ಅರ್ಧಕ್ಕಿತ್ತು, ಆದರೆ ಅವನಿಗೆ ನೆಲ ನಿಲುಕುತ್ತಿರಲಿಲ್ಲ, ಈಜೂ ಬರುತ್ತಿರಲಿಲ್ಲ. ಪಾಚಿ ಕಟ್ಟಿದ ಹಾಳೆಯನ್ನು ಒಂದೇ ಕೈಯಿಂದ ಪರಚುತ್ತಿದ್ದ. ಒಂದು ಗೇಣು ಮೇಲೆ ಬರುವುದು, ಎರಡು ಗೇಣು ಕೆಳಗೆ ಜಾರುವುದು. ಕಡಿಸಿಕೊಂಡ ಕೈ ಸೋತು ಜೋತುಬಿದ್ದಿತ್ತು, ಅದರ ಸುತ್ತ ನೀರು ಕೆಂಪಾಗುತ್ತಿತ್ತು. ಅವನ ಹೆಂಡತಿ ಸೀರೆಯ ಸೆರಗನ್ನೇ ಕೆಳಗೆ ಎಸೆದಿದ್ದಳು. ಅವನು ಹಿಡಿದ, ಡ್ರೈವರನೂ ಸೇರಿ ಎಳೆದ, ಒಂದು ಕೈಯ ಹಿಡಿತ ಜಾರಿ ತಮ್ಮ ಮತ್ತೆ ಮುಳುಗಿದ. ಯಾರಾದರೂ ಇಳಿದೇ ಮೇಲಕ್ಕೆತ್ತಬೇಕಿತ್ತು. ಆ ಹಾಳೆಯ ಮೇಲೆ ಇಳಿದವನೂ ಹೆಣವೇ.

ಅಣ್ಣ ಕುಡಗೋಲು ಹಿಡಿದು ದಂಡೆಯ ಮೇಲೆ ನಿಂತೇ ಇದ್ದ.

"ಹಾಳಿ ಕೊಯ್ರಿ!" ಎಂದು ಚೀರಿದೆ. "ಕಾಲಿಡಾಕ ಮಣ್ಣ ಸಿಗ್ತೈತಿ! ಕುಡಗೋಲ ನಿಮ್ಮ ಕೈಯಾಗ ಐತಿ, ಕೊಯ್ರಿ!"

ಅವನು ನನ್ನ ಕಡೆ ನೋಡಿದ. "ಕೊಯ್ದ್ರ ನೀರೆಲ್ಲಾ ಹೋಗ್ತೈತಿ," ಎಂದ.

ಅಷ್ಟು ಮೆಲ್ಲಗೆ ಅಂದ ಮಾತು ನನ್ನನ್ನು ಹುಚ್ಚಿಯನ್ನಾಗಿ ಮಾಡಿತು. ಅವನ ಮಣಿಕಟ್ಟಿಗೆ ಬಾಯಿ ಹಾಕಿ ಕಚ್ಚಿದೆ. ಕುಡಗೋಲು ಕಸಿಯುವಾಗ ಅಲಗು ನನ್ನ ಅಂಗೈಯನ್ನು ಸೀಳಿತು, ಆಗ ಅದು ಗೊತ್ತಾಗಲಿಲ್ಲ. ಮಂಡಿಯೂರಿ ಹಾಳೆಗೆ ಹೊಡೆದೆ. ದಪ್ಪ ಹಾಳೆ, ನಾಲ್ಕು ಏಟಿಗೆ ಒಂದು ಸೀಳು. ಸೀಳಿನೊಳಗೆ ಕಾಲಿಟ್ಟು ಇನ್ನೊಂದು ಹೊಡೆಯುವಷ್ಟರಲ್ಲಿ ಅಣ್ಣ ಹಿಂದಿನಿಂದ ನನ್ನ ಜಡೆ ಹಿಡಿದು ಎಳೆದ. ದಂಡೆಯ ಮೇಲೆ ಅಂಗಾತ ಬಿದ್ದೆ. ನನ್ನ ಮೇಲೆ ಅವನು, ಅವನ ಕೈಯಲ್ಲಿ ಮತ್ತೆ ಕುಡಗೋಲು. ಸತ್ತೆ ಎಂದುಕೊಂಡೆ.

ಅವನು ನನ್ನನ್ನು ದಾಟಿ ಹೋದ.

"ಹಂಗಲ್ಲ ಕೊಯ್ಯೂದು!" ಎಂದು ನನಗೇ ಬೈಯುತ್ತ, ನಾನು ಮಾಡಿದ ಸೀಳಿನಲ್ಲಿ ಕಾಲೂರಿ ಕೆಳಗೆ ಬಗ್ಗಿದ. ಒಂದೊಂದೇ ಏಟಿಗೆ ಹಾಳೆ ಬಾಯಿ ಬಿಟ್ಟಿತು. ಕೆಂಪು ಮಣ್ಣು ಕಂಡಲ್ಲೆಲ್ಲ ಕಾಲಿಡುತ್ತ ಇಳಿದ. ನೀರಿನ ಮಟ್ಟಕ್ಕೆ ಬಂದ ಮೇಲೂ ನಿಲ್ಲಲಿಲ್ಲ. ಕೈಯನ್ನು ನೀರೊಳಗೆ ಹಾಕಿ ಅಲ್ಲೂ ಸೀಳಿದ. ಉದ್ದಕ್ಕೂ ಬಾಯಲ್ಲಿ ಬೈಗುಳ.

"ನಿನ್ನ ಹೆಣಾ ಎತ್ಲಿ, ಕಾಲ ಊರೋ ಭಾಡ್ಯಾ! ಮಣ್ಣಾಗ ಊರು! ಕುತಿಗಿ ಹಿಡಕೋ ನನ್ನ! ಸಾಯ್ಬ್ಯಾಡೋ, ಸತ್ರ ನಾನ ನಿನ್ನ ಕಡದ ಹಾಕ್ತೀನಿ!"

ತಮ್ಮ ಅವನ ಕೊರಳಿಗೆ ಬಿದ್ದ. ಇಬ್ಬರೂ ಒಮ್ಮೆ ಜಾರಿದರು, ಹೆಂಗಸು ಕಿಟಾರನೆ ಕಿರುಚಿದಳು. ಅಣ್ಣ ಕುಡಗೋಲನ್ನು ಮಣ್ಣಿಗೆ ಚುಚ್ಚಿ ಅದನ್ನೇ ಹಿಡಿದು ನಿಂತ. ಡ್ರೈವರ್ ನನ್ನ ಅಳತೆಯ ಕೋಲನ್ನು ಕೆಳಗೆ ಚಾಚಿದ. ನಾವು ಮೂವರೂ ಸೇರಿ ಎಳೆದೆವು. ಮೇಲೆ ಬಂದ ಕೂಡಲೇ ಅಣ್ಣ, ನೀರು ಕಾರುತ್ತಿದ್ದ ತಮ್ಮನ ಬೆನ್ನಿಗೆ ಒಂದರ ಮೇಲೊಂದು ಗುದ್ದಿದ. ಹೊಡೆಯುತ್ತಿದ್ದಾನೋ ನೀರು ಹೊರಡಿಸುತ್ತಿದ್ದಾನೋ ನನಗೆ ತಿಳಿಯಲಿಲ್ಲ, ಬಹುಶಃ ಅವನಿಗೂ ತಿಳಿದಿರಲಿಲ್ಲ. ನಮ್ಮ ಹಿಂದೆ ಹಾಳೆಯ ಕೆಳಗೆ ನೀರು ಗೊಳಗೊಳ ಎಂದು ಮಣ್ಣಿಗಿಳಿಯುತ್ತಿತ್ತು.

ಚೂರಾದ ಡ್ರೋನನ್ನು ಡ್ರೈವರ್ ಗೋಣಿಚೀಲಕ್ಕೆ ತುಂಬಿದ. ಎಲ್ಲರೂ ಒಂದೇ ಜೀಪಿನಲ್ಲಿ ಗಜೇಂದ್ರಗಡದ ದವಾಖಾನೆಗೆ ಹೋದೆವು. ತಮ್ಮನ ತೋಳಿಗೆ ಹೊಲಿಗೆ, ನನ್ನ ಅಂಗೈಗೆ ಹೊಲಿಗೆ, ಅಣ್ಣನ ಹೆಗಲಿಗೂ ಮಣಿಕಟ್ಟಿಗೂ ಪಟ್ಟಿ. ಮಣಿಕಟ್ಟಿನ ಮೇಲೆ ನನ್ನ ಹಲ್ಲಿನ ಗುರುತು ನೋಡಿ ನರ್ಸಮ್ಮ, "ಇದು ನಾಯಿ ಕಡದದ್ದೇನ್ರಿ?" ಎಂದು ಕೇಳಿದರು.

ಇಂಥ ಗಾಯ ಬಂದರೆ ದವಾಖಾನೆಯವರು ಪೊಲೀಸರಿಗೆ ತಿಳಿಸಲೇಬೇಕು. ಹವಾಲ್ದಾರರು ಬಂದು ಹೇಗಾಯಿತೆಂದು ಕೇಳಿದರು.

"ಕಸಾ ಕೊಯ್ಯಾಗ ಕುಡಗೋಲ ತಾಕ್ತ್ರಿ, ಕಾಲ ಜಾರಿ ಬಿದ್ದೆ," ಎಂದ ತಮ್ಮ, ಮಲಗಿದಲ್ಲಿಂದಲೇ. ಅಣ್ಣ ಗೋಡೆಗೊರಗಿ ಕೂತು ಹೌದೆಂದು ತಲೆಯಾಡಿಸಿದ. ಅಷ್ಟು ಕಾಲ ಮಾತು ಬಿಟ್ಟವರು ಪೊಲೀಸರನ್ನು ಕಂಡ ಕೂಡಲೇ ಒಂದಾಗಿಬಿಟ್ಟರು! ನನಗೆ ಕೆಟ್ಟ ಸಿಟ್ಟು ಬಂತು.

ತಮ್ಮನ ಹೆಂಡತಿ ಮಂಚದ ಆಚೆ ಬದಿಗೆ ನಿಂತಿದ್ದಳು, ತಲೆಯ ಮೇಲೆ ಒದ್ದೆ ಸೆರಗು. ಅಣ್ಣ ಕೋಣೆಯಲ್ಲಿದ್ದನಲ್ಲ, ಅದಕ್ಕೆ. ಮುಖ ನನ್ನ ಕಡೆ ಮಾಡಿ ಸಣ್ಣ ದನಿಯಲ್ಲಿ ಅಂದಳು: "ಅಕ್ಕಾರ, ನೀವು ಖರೇ ಹೇಳ್ರಿ. ಇವತ್ತ ಉಳದಾರ. ನಾಳೆ ಇವರು ಆ ಹೊಲಕ್ಕನ ಹೋಗಬೇಕಲ್ಲ."

ಚೀಲದಲ್ಲಿದ್ದ ಡ್ರೋನಿನಿಂದ ಕಾರ್ಡು ತೆಗೆದೆ. ಅದಕ್ಕೇನೂ ಆಗಿರಲಿಲ್ಲ. ಲ್ಯಾಪ್‌ಟಾಪಿಗೆ ಹಾಕಿದಾಗ ಫೋಟೋಗಳು ಒಂದೊಂದಾಗಿ ಬಂದವು. ಎತ್ತಿದ ಸಲಿಕೆ. ಎತ್ತಿದ ಕುಡಗೋಲು. ಅಡ್ಡ ಹಿಡಿದ ಕೈ. ಕೊನೆಯದು ಅಣ್ಣನ ಮುಖ, ಕ್ಯಾಮೆರಾ ಕಡೆ ನೋಡುತ್ತಿರುವುದು. ಅಲ್ಲಿಗೆ ಮುಗಿದಿತ್ತು. ಹಾಳೆ ಕೊಯ್ದದ್ದು, ಇಳಿದದ್ದು, ಎತ್ತಿದ್ದು ಒಂದೂ ಅದರಲ್ಲಿರಲಿಲ್ಲ, ಆ ಹೊತ್ತಿಗೆ ಯಂತ್ರ ಸತ್ತಿತ್ತು. ಕಾರ್ಡು ಮಾತ್ರ ಕೊಟ್ಟರೆ ಅಣ್ಣ ಬರೀ ಕೊಲ್ಲಲು ಬಂದವನು. ಕೊಡದೆ ಹೋದರೆ ಅವಳ ಗಂಡನ ಗತಿ ಏನು?

"ಇದನ್ನ ತಗೋರಿ," ಎಂದೆ ಹವಾಲ್ದಾರರಿಗೆ. "ಇದರಾಗ ಇಲ್ಲದ್ದು ನಾ ಹೇಳ್ತೀನಿ, ಅದನ್ನೂ ಬರಕೋರಿ. ಇಂವಾ ಕಡದಾನ. ಇಂವನ ನೀರಾಗಿಂದ ತಗದಾನ. ನೀರೆಲ್ಲಾ ಹೋಗ್ತೈತಿ ಅಂತ ಗೊತ್ತಿದ್ದೂ ತನ್ನ ಕೈಲೇ ಹೊಂಡಾ ಹರದ ಇಳದಾನ."

"ಎರಡೂ ಹ್ಯಾಂಗ ಬರೀಲ್ರಿ ಮೇಡಂ? ಯಾವುದರ ಒಂದ ಹೇಳ್ರಿ."

"ಎರಡೂ ಬರೀರಿ!" ಎಂದು ಕೂಗಿದೆ. ಪಕ್ಕದ ಮಂಚದ ರೋಗಿಗಳೂ ಎದ್ದು ಕೂತರು. "ಎರಡೂ ನನ್ನ ಕಣ್ಣ ಮುಂದ ಆಗ್ಯಾವು!"

ಅಣ್ಣ ಪರದೆಯನ್ನೇ ನೋಡುತ್ತಿದ್ದ. ಮೇಲಿನಿಂದ ಕಾಣುವ ತನ್ನ ಕೈ, ಅದರ ಕೆಳಗೆ ತಮ್ಮನ ತಲೆ.

ಆಗ ತಮ್ಮನ ಹೆಂಡತಿ ಮಂಚವನ್ನು ಸುತ್ತಿಕೊಂಡು ಬಂದಳು. ಎಂದೂ ಎದುರು ನಿಲ್ಲದವಳು ಅವನ ಎದುರಿಗೇ ಬಂದು ನಿಂತಳು. ಸೆರಗು ಜಾರಿ ಹೆಗಲಿಗೆ ಬಿದ್ದಿತ್ತು, ಎಳೆದುಕೊಳ್ಳಲಿಲ್ಲ. ಕೈ ಎತ್ತಿ, ಕೋಣೆಯೆಲ್ಲ ಕೇಳುವ ಹಾಗೆ ಅವನ ಕಪಾಳಕ್ಕೆ ಹೊಡೆದಳು. "ಏಯ್!" ಎಂದು ಮಂಚದ ಮೇಲಿದ್ದ ಗಂಡ ಎದ್ದು ಕೂರಲು ಹೋಗಿ ನರಳಿದ. ಹವಾಲ್ದಾರರು ಒಂದು ಹೆಜ್ಜೆ ಮುಂದೆ ಇಟ್ಟವರು ಅಲ್ಲೇ ನಿಂತರು. ಅಣ್ಣ ಕದಲಲಿಲ್ಲ, ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ.

ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಬಗ್ಗಿ, ಕೆಂಪು ಮಣ್ಣು ಇನ್ನೂ ಒಣಗದ ಅವನ ಪಾದ ಎರಡನ್ನೂ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಮೊದಲಿನ ಜಾಗಕ್ಕೇ ಹೋಗಿ ನಿಂತಳು.

ಅಣ್ಣ ಗೋಡೆಗೆ ಮುಖ ಮಾಡಿ ಹೋ ಎಂದು ಅತ್ತ. ಅಷ್ಟು ದೊಡ್ಡ ಗಂಡಸು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ.

"ಬರಕೋರಿ ಸಾಹೇಬ್ರ," ಎಂದ ಸ್ವಲ್ಪ ಹೊತ್ತಿನ ಮೇಲೆ, ತಿರುಗದೆಯೇ. "ಅಕ್ಕಾರ ಹೇಳಿದಂಗ. ಎರಡೂ."

ಹವಾಲ್ದಾರರು ಕುರ್ಚಿ ಎಳೆದುಕೊಂಡು ಕೂತರು.